ಕೌಂಟಿಯ ಪೈ ಮತ್ತು ಅರ್ಡಿಸ್ ಅವರ ತಟ್ಟೆ

ನೆಬ್ರಾಸ್ಕಾ ರಾಜ್ಯದ ವೆಂಡ್ಲರ್ ಕೌಂಟಿ ಎಂಬ ನಮ್ಮ ಜಿಲ್ಲೆಯ ಸಾರ್ವಜನಿಕ ಆಸ್ತಿಗಳು ಹೀಗಿವೆ: ಒಂದು ಕೋರ್ಟು ಕಟ್ಟಡ, ಒಂದು ನೀರಿನ ಟ್ಯಾಂಕು, ರಸ್ತೆ ಸಮ ಮಾಡುವ ಎರಡು ಯಂತ್ರ (ಒಂದು ಓಡುತ್ತದೆ) ಮತ್ತು ಒಂದು ರೂಬಾರ್ಬ್ ಪೈ. ಮೊದಲ ಮೂರರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನಾಲ್ಕನೆಯದರ ಬಗ್ಗೆ, ಇಲ್ಲಿನ ವಾರಪತ್ರಿಕೆಯ ಸಂಪಾದಕನಾದ ನಾನು ಬರೆದಷ್ಟು ನಮ್ಮ ಗವರ್ನರ್ ಬಗ್ಗೆಯೂ ಬರೆದಿಲ್ಲ.

ಹಿಮ ಕರಗುವ ಕಾಲದಲ್ಲಿ ಟರ್ಕಿ ಹಳ್ಳದ ಮರದ ಸೇತುವೆ ಕೊಚ್ಚಿ ಹೋಯಿತು. ಆಚೆ ದಡದಲ್ಲಿ ಅರ್ಡಿಸ್ ಕೋಲ್ಟರ್‌ಮನ್ ಅವರ ಮನೆ, ಸೋಯಾ ಹೊಲ ಮತ್ತು ಕೋಳಿಗಳು ಇವೆ. ಹಿಂದೆ ರೇಡಿಯೋದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಅವರು ಪೇಟೆ ಸೇರುತ್ತಿದ್ದರು. ಈಗ ಪಕ್ಕದ ಕೌಂಟಿಯನ್ನು ಹೊಕ್ಕು, ಅರ್ಧ ದಿನ ಕಳೆದು, ಸುತ್ತಿ ಬರಬೇಕಾಯಿತು. ಅಲ್ಲಿನ ಜನ ಎದುರು ಬಂದ ಗಾಡಿಗೆ ನಮ್ಮವರಂತೆ ನಮಸ್ಕಾರವೆಂದು ಸ್ಟೀರಿಂಗ್ ಮೇಲಿಂದ ಒಂದು ಬೆರಳನ್ನೂ ಎತ್ತುವುದಿಲ್ಲ ಎಂಬುದು ಅರ್ಡಿಸ್ ಅವರ ಎರಡನೆಯ ದೂರು. ಮೊದಲನೆಯದು ಸೇತುವೆ.

ಕೌಂಟಿ ಮಂಡಳಿಯ ಅಧ್ಯಕ್ಷ ವೆರ್ಲಿನ್ ಹಾಯ್ಟ್ ವಿಷಯ ಪರಿಶೀಲನೆಯಲ್ಲಿದೆ ಎಂದರು. ನಮ್ಮಲ್ಲಿ ಪರಿಶೀಲನೆಗೆ ಹೋದ ವಿಷಯ ವಾಪಸ್ ಬಂದದ್ದನ್ನು ಕಂಡವರಿಲ್ಲ. ಹಾಗಾಗಿ ಜನರೇ ಚರ್ಚಿನ ನೆಲಮಾಳಿಗೆಯಲ್ಲಿ ಪೈ ಹರಾಜು ಇಟ್ಟು ಸೇತುವೆ ನಿಧಿ ಕೂಡಿಸಲು ನಿಂತರು. ಅರ್ಡಿಸ್ ತಮ್ಮ ತಾಯಿಯ ಗಾಜಿನ ತಟ್ಟೆಯಲ್ಲಿ, ಹಿಟ್ಟಿನ ಹೊದಿಕೆಯೊಳಗೆ ತಮ್ಮ ಹಿತ್ತಲಿನದೇ ರೂಬಾರ್ಬಿನ ಹುಳಿ ದಂಟು ತುಂಬಿ, ಪೈ ಬೇಯಿಸಿ ತಂದರು.

ಮೊದಲು ಅದನ್ನು ಹರಾಜಿನಲ್ಲಿ ಹಿಡಿದವರು ಅವರ ನೆರೆಯ ಗೇಲನ್ ಟೀಡೆ. ದಾನದ ಹರಾಜಿನಲ್ಲಿ ಕೊಂಡ ಪೈಯನ್ನು ಮನೆಗೆ ಒಯ್ಯುವುದು ನಮ್ಮಲ್ಲಿ ಹೊಟ್ಟೆಬಾಕತನದ ಲಕ್ಷಣ. ಗೇಲನ್ ಎದ್ದು ನಿಂತು, "ಇರ್ಲಿ ಬಿಡಿ, ಮತ್ತೆ ಹರಾಜಿಗೆ ಹಾಕಿ" ಎಂದರು. ನಂತರ ಹಿಡಿದ ಬ್ಯಾಂಕಿನವರೂ ಹಾಗೇ ಅಂದರು. ಪಶುವೈದ್ಯರು, ಧಾನ್ಯ ಮಂಡಿಯವರು, ಪಾದ್ರಿಗಳು, ಕೊನೆಗೆ ಪಾದ್ರಿಗಳ ಅತ್ತೆಯೂ ಹಿಡಿದು ಹಿಂದಿರುಗಿಸಿದರು. ಸೇತುವೆಗೆ ಬೇಕಾದಷ್ಟು ಹಣ ಕೂಡಿತು. ಅಷ್ಟಕ್ಕೇ ನಿಂತಿದ್ದರೆ ಈ ಬರಹದ ಅಗತ್ಯ ಇರಲಿಲ್ಲ. ಪತ್ರಿಕೆಯಲ್ಲಿ ಎಲ್ಲರ ಹೆಸರೂ ಬರುತ್ತದೆ, ಮಂಡಳಿಯದು ಬರುವುದಿಲ್ಲ ಎಂದು ವೆರ್ಲಿನ್ ಅವರಿಗೆ ಹೊಳೆಯಿತು. ಅವರು ಕೈ ಎತ್ತಿ, ಕೌಂಟಿಯ ಪರವಾಗಿ ಪೈಯನ್ನು ಕೊಂಡುಬಿಟ್ಟರು.

ಕೊಂಡ ಮೇಲೆ ಕೌಂಟಿಯ ವಕೀಲರು ನಿಯಮ ಓದಿದರು. ಸಾರ್ವಜನಿಕ ಆಸ್ತಿಯನ್ನು ದಾನ ಮಾಡುವಂತಿಲ್ಲ, ಹಾಳುಗೆಡವುವಂತಿಲ್ಲ, ತಿನ್ನುವಂತಿಲ್ಲ. ಬೇರೆ ಆಸ್ತಿಗಳ ವಿಷಯದಲ್ಲಿ ಈ ಕೊನೆಯ ಮಾತು ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾದದ್ದು ನನಗೆ ನೆನಪಿಲ್ಲ.

ಪೈ ಕೆಡಬಾರದು ಎಂದು ಫ್ರೀಜರ್ ತಂದರು. ಫ್ರೀಜರ್‌ಗೆ ಮಳೆ ತಾಗಬಾರದು ಎಂದು ಉಕ್ಕಿನ ತಗಡಿನ ಕಟ್ಟಡ ಎಬ್ಬಿಸಿದರು. ಈ ಸೀಮೆಯಲ್ಲಿ ಅಂಥ ಕಟ್ಟಡ ಮಾರುವವರು ಒಬ್ಬರೇ, ಅವರು ವೆರ್ಲಿನ್ ಹಾಯ್ಟ್. ಆಯ್ಕೆ ಅತ್ಯಂತ ಪಾರದರ್ಶಕವಾಗಿ ನಡೆಯಿತು. ವೆರ್ಲಿನ್ ವೆರ್ಲಿನ್ ಅವರನ್ನು ದರ ಕೇಳಿದರು, ವೆರ್ಲಿನ್ ಹೇಳಿದರು, ವೆರ್ಲಿನ್ ಒಪ್ಪಿದರು. ಪೈ ಹುಟ್ಟಿದ್ದೇ ಸೇತುವೆಗಾಗಿ, ಆದ್ದರಿಂದ ಪೈಯ ಖರ್ಚು ಸೇತುವೆಯದೇ ಖರ್ಚು ಎಂದು ತೀರ್ಮಾನವಾಯಿತು. ಕಟ್ಟಡದ ಮುಂದೆ ಒಂದು ಚರಂಡಿ ಇತ್ತು. ಅದರ ಮೇಲೆ ಕಬ್ಬಿಣದ ಹಿಡಿಕಂಬಿ ಇರುವ ಪುಟ್ಟ ಸೇತುವೆ ಹಾಕಿ, ರಿಬ್ಬನ್ ಕತ್ತರಿಸಿ, ಸೇತುವೆ ಕಾಮಗಾರಿ ಮುಗಿದಿದೆ ಎಂದು ಘೋಷಿಸಿದರು. ನಾನು ಈ ಪ್ರಕಟಣೆಯನ್ನು ಮುಖಪುಟದಲ್ಲೇ ಹಾಕಿದೆ:

"ಪೈ ಭವನವು ಮಂಗಳವಾರ ಮತ್ತು ಗುರುವಾರ ತೆರೆದಿರುತ್ತದೆ. ಸಾರ್ವಜನಿಕರು ಫೋರ್ಕು, ಚಮಚ ಹಾಗೂ ಐಸ್‌ಕ್ರೀಮ್ ತರತಕ್ಕದ್ದಲ್ಲ. ಮೂಸಲು ಇಚ್ಛಿಸುವವರು ಸಾಲಿನಲ್ಲಿ ಬರತಕ್ಕದ್ದು. ನಿಟ್ಟುಸಿರು ಬಿಡುವುದನ್ನು ಭವನದ ಹೊರಗೆ ಇಟ್ಟುಕೊಳ್ಳತಕ್ಕದ್ದು."

ಮುಂದಿನ ಮಂಡಳಿ ಸಭೆಗೆ ಅರ್ಡಿಸ್ ಸುತ್ತುದಾರಿಯಲ್ಲಿ ಬಂದರು. ಅವರ ಬೂಟಿನ ಮೇಲೆ ಎರಡು ಕೌಂಟಿಯ ಕೆಸರು ಇತ್ತು.

"ವೆರ್ಲಿನ್, ನಾನು ಕೇಳಿದ್ದು ಹಳ್ಳದ ಸೇತುವೆ ಕಣೋ. ಚರಂಡೀದಲ್ಲ." ವೆರ್ಲಿನ್ ಅವರಿಗೆ ಬೈಬಲ್ ಪಾಠ ಹೇಳಿಕೊಟ್ಟವರು ಅರ್ಡಿಸ್. ಆದ್ದರಿಂದ ಮಾತು ಏಕವಚನದಲ್ಲೇ ಬರುತ್ತದೆ.

"ಶ್ರೀಮತಿ ಕೋಲ್ಟರ್‌ಮನ್ ಅವ್ರೇ, ನೀರು ಹರಿಯುತ್ತೆ, ಮೇಲೆ ಹಲಗೆ ಇದೆ. ಮಂಡಳಿ ದೃಷ್ಟೀಲಿ ಅದು ಸೇತುವೇನೇ."

"ಅದ್ರ ಮೇಲೆ ನನ್ನ ಟ್ರಕ್ ಹೋಗುತ್ತಾ?"

"ಟ್ರಕ್ ಪೈ ನೋಡೋದಿಲ್ವಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಅರ್ಡಿಸ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕುರ್ಚಿಯ ಮೇಲೆ ಕೂತು ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಹೇಳಿದರು:

"ಹೋಗ್ಲಿ ಬಿಡು. ಸೇತುವೆ ಮಾತು ಬಿಟ್ಟೆ. ನನ್ನ ತಟ್ಟೆ ವಾಪಸ್ ಕೊಡಿ."

ನಕ್ಕವರೂ ನೆಟ್ಟಗೆ ಕೂತರು. ನಮ್ಮ ಕೌಂಟಿಯಲ್ಲಿ ತೆರಿಗೆ ಕಟ್ಟದವರಿದ್ದಾರೆ, ಗಡಿಬೇಲಿ ಸರಿಸಿದವರಿದ್ದಾರೆ, ಆದರೆ ಬೇರೆಯವರ ತಟ್ಟೆ ಇಟ್ಟುಕೊಂಡವರು ಇಲ್ಲ. ಸಾವಿನ ಮನೆಗಾಗಲಿ ಚರ್ಚಿನ ಊಟಕ್ಕಾಗಲಿ ತಿನಿಸಿನ ತಟ್ಟೆ ಒಯ್ಯುವಾಗ ಅದರ ಬುಡಕ್ಕೆ ಕಾಗದದ ಟೇಪು ಅಂಟಿಸಿ ಹೆಸರು ಬರೆಯುತ್ತೇವೆ. ಆ ತಟ್ಟೆ ಹೆಸರಿನವರ ಮನೆಗೆ ಮರಳಲೇಬೇಕು, ಖಾಲಿಯಾಗಿ ಮರಳಬಾರದು. ಇದು ಯಾವ ಕಾನೂನಿನಲ್ಲೂ ಇಲ್ಲ. ಆದ್ದರಿಂದಲೇ ಇದನ್ನು ಯಾರೂ ಮುರಿಯುವುದಿಲ್ಲ.

"ಟೇಪ್ ಇದ್ಯಾ?" ಎಂದು ವಕೀಲರು ಸಣ್ಣ ದನಿಯಲ್ಲಿ ಕೇಳಿದರು.

"ನಾನೇನು ಟೇಪ್ ಹಚ್ಚದೆ ತರ್ತೀನಾ? ನಮ್ಮಮ್ಮ ಹಾಗೆ ಬೆಳೆಸಿಲ್ಲ."

ಇಡೀ ಮಂಡಳಿ ಎದ್ದು ಪೈ ಭವನಕ್ಕೆ ನಡೆಯಿತು. ಪೈಯನ್ನು ಬೋರಲು ಹಾಕುವಂತಿಲ್ಲವಾದ್ದರಿಂದ ಅದನ್ನು ಇಬ್ಬರು ಸದಸ್ಯರು ತಲೆಗಿಂತ ಎತ್ತರಕ್ಕೆ ಹಿಡಿದರು. ವೆರ್ಲಿನ್ ಕೆಳಗಿನಿಂದ ಟಾರ್ಚು ಬಿಟ್ಟು ನೋಡಿದರು. ಟೇಪು ಇತ್ತು, ಹೆಸರೂ ಇತ್ತು. ವೆರ್ಲಿನ್ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಇವತ್ತು ಕೊಡದೆ ಮನೇಗೆ ಬಂದ್ರೆ ನೋಡಿ" ಎಂದಷ್ಟೇ ಹೇಳಿದರು.

ಪೈಯನ್ನು ತಟ್ಟೆಯಿಂದ ಎಬ್ಬಿಸೋಣವೆಂದರೆ ಅದು ಕಲ್ಲಾಗಿತ್ತು. ಒಡೆದರೆ ಸಾರ್ವಜನಿಕ ಆಸ್ತಿಯ ನಾಶ. ಕೊನೆಗೆ ಒಮ್ಮತದ ನಿರ್ಣಯವಾಯಿತು: ತಟ್ಟೆ ಅರ್ಡಿಸ್ ಅವರದು, ಪೈ ಕೌಂಟಿಯದು. ತಟ್ಟೆ ಮನೆಗೆ ಹೋಗುವಾಗ ಪೈ ಅದರಲ್ಲೇ ಹೋಗತಕ್ಕದ್ದು, ಇದರಿಂದ ತಟ್ಟೆ ಖಾಲಿ ಹೋಗಬಾರದೆಂಬ ಸಂಪ್ರದಾಯವೂ ಉಳಿಯುತ್ತದೆ. ಕೌಂಟಿಯ ಆಸ್ತಿ ಖಾಸಗಿ ಮನೆಯಲ್ಲಿರುವ ಕಾರಣ ಅಧ್ಯಕ್ಷರು ಪ್ರತಿ ವಾರ ಖುದ್ದಾಗಿ ಹೋಗಿ ಅದರ ಯೋಗಕ್ಷೇಮ ನೋಡತಕ್ಕದ್ದು.

ಕೊನೆಯ ವಾಕ್ಯ ಸೇರಿಸಿ ಎಂದವರು ಅರ್ಡಿಸ್. "ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಬರುತ್ತಪ್ಪ" ಎಂದು ಬಹಳ ವಿನಯದಿಂದ ಕೇಳಿಕೊಂಡಿದ್ದರು.

ಮೊದಲ ವಾರ ವೆರ್ಲಿನ್ ಸುತ್ತುದಾರಿಯಲ್ಲಿ ಹೋಗಿಬಂದರು. ಎರಡನೆಯ ವಾರ ಪಕ್ಕದ ಕೌಂಟಿಯವರು ಬೆರಳೆತ್ತುವುದಿಲ್ಲ ಎಂದು ನನ್ನ ಹತ್ತಿರ ಬೇಸರ ಹೇಳಿಕೊಂಡರು. ಮೂರನೆಯ ವಾರ ಅವರ ಗಾಡಿ ಅಚ್ಚಿನವರೆಗೆ ಕೆಸರಲ್ಲಿ ಹೂತು, ಗೇಲನ್ ಟ್ರ್ಯಾಕ್ಟರ್ ತಂದು ಎಳೆಯಬೇಕಾಯಿತು. ಗೇಲನ್ ನಿಧಾನವಾಗಿ ಬಂದರು, ನಿಧಾನವಾಗಿ ಸರಪಳಿ ಕಟ್ಟಿದರು. "ಒಂದು ಸೇತುವೆ ಇದ್ದಿದ್ರೆ ಚೆನ್ನಾಗಿತ್ತು ಅಲ್ವಾ ವೆರ್ಲಿನ್" ಎಂದರು.

ಸೋಯಾ ಕಟಾವಿನ ಹೊತ್ತಿಗೆ ಟರ್ಕಿ ಹಳ್ಳದ ಮೇಲೆ ಕಾಂಕ್ರೀಟ್ ಸೇತುವೆ ನಿಂತಿತ್ತು. ಖಾಲಿಯಾದ ಪೈ ಭವನವನ್ನು ಮಾರಿ, ಉಳಿದ ನಿಧಿಗೆ ಸೇರಿಸಿ ಕಟ್ಟಿದ್ದು. ಭವನವನ್ನು ಕೊಂಡವರು ವೆರ್ಲಿನ್. ಹಿಂದೆ ತಾವೇ ಮಾರಿದ ಬೆಲೆಯ ಅರ್ಧಕ್ಕೆ ಕೊಂಡು ಕೌಂಟಿಗೆ ಉಪಕಾರ ಮಾಡಿದರು. ಸೇತುವೆಯ ಬಳಿ ಫಲಕವಿದೆ: "ಪೈ ಪರಿವೀಕ್ಷಣಾ ಮಾರ್ಗ. ಪೈ ನೋಡಲು ಹೋಗುವವರಿಗೆ ಮಾತ್ರ." ಆಚೆ ದಡದ ಧಾನ್ಯದ ಲಾರಿಗಳು, ಹಾಲಿನ ಟ್ಯಾಂಕರು, ಶಾಲೆಯ ಬಸ್ಸು ಎಲ್ಲವೂ ಈಗ ಪೈ ನೋಡಲೆಂದೇ ಓಡಾಡುತ್ತವೆ. ಫಲಕ ಕಂಡಾಗ ಚಾಲಕರು ಒಂದು ಬೆರಳು ಎತ್ತುತ್ತಾರೆ. ಅದನ್ನೇ ಪೈ ನೋಡಲು ಹೊರಟಿದ್ದೇವೆಂಬ ಹೇಳಿಕೆ ಎಂದು ಪರಿಗಣಿಸಲಾಗಿದೆ.

ಕಳೆದ ವಾರ ಪತ್ರಿಕೆಯ ಪರವಾಗಿ ನಾನೂ ವೆರ್ಲಿನ್ ಅವರ ಜೊತೆ ಪರಿವೀಕ್ಷಣೆಗೆ ಹೋಗಿದ್ದೆ. ಅರ್ಡಿಸ್ ಫ್ರೀಜರ್ ಮುಚ್ಚಳ ಎತ್ತಿದರು. ಒಳಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಒಂದು ಗಂಟು ಇತ್ತು. ಅದಕ್ಕೆ ಎರಡು ಕಾಲು, ಎರಡು ರೆಕ್ಕೆ ಇದ್ದವು. ವೆರ್ಲಿನ್ ಬಗ್ಗಿ ಬಹಳ ಹೊತ್ತು ನೋಡಿದರು.

"ಪೈ ಹೇಗಿದೆ?"

"ನೀನೇ ನೋಡ್ತಿದ್ದೀಯಲ್ಲ" ಎಂದರು ಅರ್ಡಿಸ್.

"ಚೆನ್ನಾಗಿದೆ," ಎಂದರು ವೆರ್ಲಿನ್, ನನ್ನ ಕಡೆ ತಿರುಗಿ. ನಾನೂ ಚೆನ್ನಾಗಿದೆ ಅಂದೆ. ಹಾಗೆ ಅನ್ನದಿದ್ದರೆ ಸೇತುವೆಗೆ ಕಾರಣವೇ ಉಳಿಯುವುದಿಲ್ಲ. ಈ ಹೆಂಗಸಿನ ಮೇಲೆ ನನಗಿರುವ ಗೌರವಕ್ಕೆ ಮಂಡಳಿಯ ಎಲ್ಲರ ಮೇಲಿನದನ್ನು ಕೂಡಿಸಿದರೂ ಸಾಟಿಯಾಗದು.

ಆಮೇಲೆ ಕಾಫಿ ಬಂತು. ಅದೇ ಗಾಜಿನ ತಟ್ಟೆಯಲ್ಲಿ ಆಗತಾನೇ ಬೇಯಿಸಿದ ರೂಬಾರ್ಬ್ ಪೈ ಬಂತು. ಮೂವರೂ ತಿಂದೆವು. ಕೊನೆಯ ತುಂಡನ್ನು, ನಮ್ಮ ಪದ್ಧತಿಯಂತೆ, ಯಾರೂ ಮುಟ್ಟಲಿಲ್ಲ. ಹೊರಟಾಗ ಅರ್ಡಿಸ್ ಆ ತುಂಡನ್ನು ತಟ್ಟೆ ಸಮೇತ ಬಟ್ಟೆಯಲ್ಲಿ ಸುತ್ತಿ ವೆರ್ಲಿನ್ ಅವರ ಕೈಗಿಟ್ಟರು.

"ನಿನ್ನ ಹೆಂಡ್ತಿಗೆ ಕೊಡು. ತಟ್ಟೆ ವಾಪಸ್ ತರೋದು ಮರೀಬೇಡ. ಬುಡದಲ್ಲಿ ಹೆಸರಿದೆ." ಬಾಗಿಲವರೆಗೆ ಬಂದು ಆಚೆ ನೋಡಿದರು. "ಸೇತುವೆಯಿಂದ ಈಚೆ ರಸ್ತೆ ಮಾತ್ರ ಬರೀ ಗುಂಡಿ. ಬರುವಾಗ ಜೋಪಾನ. ತಟ್ಟೆ ಗಾಜಿನದು."

ವೆರ್ಲಿನ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡಿಗಳನ್ನು ನೋಡುತ್ತ ಮೆಟ್ಟಿಲ ಮೇಲೆ ನಿಂತರು. ಈ ವಾರದ ಪತ್ರಿಕೆಯ ಮುಖಪುಟದ ಸುದ್ದಿ ಇಷ್ಟು: ತಟ್ಟೆಯ ಸುರಕ್ಷಿತ ವಾಪಸಾತಿಗಾಗಿ ಕೋಲ್ಟರ್‌ಮನ್ ರಸ್ತೆಗೆ ಜಲ್ಲಿ ಹಾಕಲು ಮಂಡಳಿ ಒಮ್ಮತದಿಂದ ತೀರ್ಮಾನಿಸಿದೆ.