ಕಪ್ಪೆಯ ಹಿಂದೆ ಕಟಕಟ

ರಿಪೇರಿ ಎಂಬುದು ಕಲಿತು ಬರುವ ವಿದ್ಯೆಯಲ್ಲ, ಹುಟ್ಟುತ್ತಲೇ ಬರುವ ರಕ್ತಗುಣ. ಹೀಗೆಂದು ಕನಕರಾಯನ ಬಗ್ಗೆ ಯಾರೂ ಹೇಳಿರಲಿಲ್ಲ. ಅವನೇ ಹೇಳಿಕೊಂಡಿದ್ದ. ಸಿಂಧನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಾ ನಡುನೆತ್ತಿಯ ಕೂದಲನ್ನು ಇಲಾಖೆಗೆ ಅರ್ಪಿಸಿದ್ದ ಈ ಮನುಷ್ಯ, ಮನೆಯಲ್ಲಿ ಮಿಕ್ಸಿ ಕೆಟ್ಟರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ರಣರಂಗಕ್ಕೆ ಇಳಿದುಬಿಡುತ್ತಿದ್ದ. ಯುದ್ಧ ಮುಗಿದ ಮರುದಿನ ಹೆಂಡತಿ ಅಮರೇಶ್ವರಿ ಹೊಸ ಮಿಕ್ಸಿ ತರುತ್ತಿದ್ದಳು. ಸೋತದ್ದು ಮಿಕ್ಸಿಯೇ ಹೊರತು ತಾನಲ್ಲ ಎಂಬುದರಲ್ಲಿ ಕನಕರಾಯನಿಗೆ ಎಳ್ಳಷ್ಟೂ ಸಂಶಯ ಇರುತ್ತಿರಲಿಲ್ಲ.

ಆದ್ದರಿಂದಲೇ ಆ ಶುಕ್ರವಾರ ಸಂಜೆ ಅವನು ಪಡಸಾಲೆಯ ನಡುವೆ ನಿಂತು ಘೋಷಿಸಿದ:

"ಸೋಮವಾರದೊಳಗ ಈ ಕಂಪ್ಯೂಟರಿನ ಬಾಯಿ ಮುಚ್ಚಿಸಲಿಲ್ಲ ಅಂದ್ರ ನನ್ನ ಹೆಸರು ಕನಕರಾಯನ ಅಲ್ಲ!"

"ಹೆಸರಿನ ಸುದ್ದಿಗೆ ಮಾತ್ರ ಹೋಗಬ್ಯಾಡ್ರಿ," ಎಂದಳು ಅಮರೇಶ್ವರಿ. "ಆಧಾರ್ ಕಾರ್ಡಿನಾಗ, ರೇಷನ್ ಕಾರ್ಡಿನಾಗ ಬದಲಿ ಮಾಡಸಾಕ ಆಫೀಸ್ ಆಫೀಸ್ ಅಡ್ಡಾಡೋಳು ನಾನ."

ಅವಳ ದನಿಯಲ್ಲಿ ದಣಿವಿತ್ತು. ಅದಕ್ಕೆ ಕಾರಣವೂ ಇತ್ತು. ಸಾಲಗುಂದದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ಅಮರೇಶ್ವರಿ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಟೀಚರುಗಳ ತರಬೇತಿ ಕೇಂದ್ರದವರು, ನಮ್ಮ ಭಾಗದ ಮಾತಿನಲ್ಲೇ ಮಕ್ಕಳಿಗೆ ಕಥೆ ಕೇಳಿಸೋಣ, ನೀವೊಂದು ಕಥೆ ಹೇಳಿ ರೆಕಾರ್ಡ್ ಮಾಡಿ ಕಳಿಸಿರಿ ಎಂದು ಅವಳನ್ನು ಕೇಳಿದ್ದರು. ಅವಳು ತಾನೇ ಕಟ್ಟಿದ 'ಕಾಲುವಿ ಕಪ್ಪಿ' ಕಥೆಯನ್ನು ಆರಿಸಿಕೊಂಡಿದ್ದಳು. ಡ್ಯಾಮಿನಲ್ಲಿ ಹುಟ್ಟಿದ ಒಂದು ಕಪ್ಪೆ, ಕಾಲುವೆಗುಂಟ ಈಜುತ್ತಾ ಈಜುತ್ತಾ ಭತ್ತದ ಗದ್ದೆಗೆ ಬಂದು ತಲುಪುವ ಕಥೆ ಅದು. ಇಷ್ಟು ವರ್ಷ ಒಂದು ಕೋಣೆಯ ನಾಲ್ಕು ಗೋಡೆ ಮಾತ್ರ ಕೇಳಿದ್ದ ದನಿಯನ್ನು ಇನ್ನು ಜಿಲ್ಲೆಯ ಮಕ್ಕಳೆಲ್ಲಾ ಕೇಳುತ್ತಾರೆ. ಕೊನೆಯಲ್ಲಿ 'ಕಥಿ ಹೇಳಿದವರು ಅಮರೇಶ್ವರಿ ಟೀಚರ್' ಎಂದೂ ಬರುತ್ತದೆ. ಅವಳು ತನ್ನ ಹಿಗ್ಗನ್ನು ಯಾರೆದುರೂ ತೋರಿಸಿಕೊಂಡಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಒಬ್ಬಳೇ ಕಪ್ಪೆಯ ದನಿ ತೆಗೆದು ರೂಢಿ ಮಾಡುತ್ತಿದ್ದುದನ್ನು ಒಲೆ ಮೇಲಿನ ಹಂಚು ಬಲ್ಲದು.

ರೆಕಾರ್ಡ್ ಮಾಡಿ ಕಳಿಸಿದ್ದೂ ಆಯಿತು. ಆ ಶುಕ್ರವಾರ ಕೇಂದ್ರದ ಮೇಡಂ ಫೋನ್ ಮಾಡಿದರು.

"ಕಥಿ ಭಾಳ ಚಲೋ ಐತಿ ಟೀಚರ್. ಆದ್ರ ಕಪ್ಪಿ ಮಾತಾಡೋ ಮುಂದ ಅದರ ಹಿಂದ ಯಾರೋ ಕಡ್ಲಿ ಹುರಿಯಾಕತ್ತಾರ. ಸೋಮವಾರ ಮುಂಜಾನೆಯೊಳಗ ಇನ್ನೊಮ್ಮೆ ಮಾಡಿ ಕಳಿಸ್ರಿ. ಇಲ್ಲಂದ್ರ ಮಸ್ಕಿ ಲಕ್ಷ್ಮಿದೇವಿ ಟೀಚರ್ ಮಂಗ್ಯಾನ ಕಥಿ ಕಳಿಸ್ಯಾರ, ಅದನ್ನ ಹಾಕಿಬಿಡ್ತೀವಿ."

ಕಡಲೆ ಹುರಿಯುತ್ತಿದ್ದುದು ಬೇರೆ ಯಾರೂ ಅಲ್ಲ, ಕಂಪ್ಯೂಟರ್! ಕೆಲವು ದಿನಗಳಿಂದ ಅದರ ಸಿಪಿಯು ಡಬ್ಬಿಯೊಳಗಿಂದ ಕಟಕಟಕಟ ಎಂಬ ಸದ್ದು ಬರುತ್ತಿತ್ತು. ನಡುನಡುವೆ ಗರ್ರ್ ಎನ್ನುತ್ತಿತ್ತು. ಒಮ್ಮೊಮ್ಮೆ ಮುದುಕರು ಎಲೆ ಅಡಿಕೆ ಉಗಿಯುವ ಮೊದಲು ಗಂಟಲು ಸರಿ ಮಾಡಿಕೊಂಡಂತೆಯೂ ಕೇಳುತ್ತಿತ್ತು.

"ಸುಮ್ನ ಫೋನಿನಾಗ ಮಾಡಿ ಕಳಿಸಿಬಿಡ್ತೀನ್ರಿ," ಎಂದಳು ಅಮರೇಶ್ವರಿ.

"ಫೋನಿನಾಗ?" ಕನಕರಾಯನಿಗೆ ಅವಮಾನವಾದಂತಾಯಿತು. "ಕೊಟಗ್ಯಾಗ ಎತ್ತು ಕಟ್ಟಿಕೊಂಡು ಆಡಿನ ಹೆಗಲ ಮ್ಯಾಲ ನೊಗ ಇಡ್ತಾರೇನ? ನಾ ಅದೀನಲ್ಲ! ನೀ ಫಿಕರ್ ಮಾಡಬ್ಯಾಡ."

ಅವನು ಹಾಗೆಂದಾಗಲೇ ಫಿಕರ್ ಶುರುವಾಗುವುದು ಅವಳಿಗೆ ರೂಢಿ.

ಮೊದಲ ಚಿಕಿತ್ಸೆ ಅಂಗೈಯದು. ಹಳೇ ಟಿವಿ, ಹಳೇ ರೇಡಿಯೋ ಎಲ್ಲಾ ಬಗ್ಗಿದ್ದು ಅಂಗೈಗೇ ಅಲ್ಲವೇ! ಕನಕರಾಯ ಸಿಪಿಯುವಿನ ಬೆನ್ನಿಗೆ ಧಪ್ ಎಂದು ಒಂದು ಬಿಟ್ಟ. ಸದ್ದು ಗಪ್ಪಾಯಿತು! ಅವನು ಮೀಸೆಯ ಮೇಲೆ ಕೈಯಾಡಿಸುವಷ್ಟರಲ್ಲಿ ಮತ್ತೆ ಕಟಕಟ. ಇನ್ನೊಂದು ಬಿಟ್ಟ. ಮತ್ತೆ ಗಪ್ಪು.

"ಹಾಂ, ಗೊತ್ತಾತು! ನೀ ಕಥಿ ಹೇಳು, ನಾ ಬಾಜೂಕ ನಿಂತು ಹೊಡಕೋತ ಇರ್ತೀನಿ."

ಅಮರೇಶ್ವರಿ ಮೈಕಿನ ಮುಂದೆ ಕುಳಿತಳು. "ಒಂದು ಡ್ಯಾಮಿನಾಗ ಒಂದು ಕಪ್ಪಿ ಇತ್ತು," ಧಪ್! "ಅದರ ಹೆಸರು," ಧಪ್ ಧಪ್! "ಅದು ಒಂದಿನ ಅವರವ್ವನ್ನ ಕೇಳ್ತು," ಧಪ್!

ಅವಳು ಮೈಕ್ ಕೆಳಗಿಟ್ಟಳು. "ಏನ್ರೀ, ಇದು ಕಪ್ಪಿ ಕಥಿ ಆತೋ, ಕಪ್ಪಿಗೆ ಹೊಡೆಯೋ ಕಥಿ ಆತೋ?"

ಶನಿವಾರ ಮಧ್ಯಾಹ್ನ ಎರಡನೆಯ ಚಿಕಿತ್ಸೆ. ಸದ್ದನ್ನು ನಿಲ್ಲಿಸಲು ಆಗದಿದ್ದರೆ ಸದ್ದಿನ ಬಾಯಿಗೆ ಬಟ್ಟೆ ತುರುಕಬೇಕು ಎಂಬ ಸಿದ್ಧಾಂತದ ಮೇಲೆ ಕನಕರಾಯ ಪೆಟ್ಟಿಗೆಯಿಂದ ದಪ್ಪನೆಯ ಕೌದಿ ತೆಗೆದು ಸಿಪಿಯುವಿಗೆ ಹೊದಿಸಿದ. ಅದರ ಮೇಲೊಂದು ಚಾದರ. ಚಳಿಜ್ವರ ಬಂದವರಿಗೂ ಆ ಮನೆಯಲ್ಲಿ ಅಷ್ಟು ಹೊದಿಸಿದ ದಾಖಲೆ ಇಲ್ಲ. ಕಟಕಟ ಪಾತಾಳಕ್ಕೆ ಇಳಿಯಿತು. ಅಮರೇಶ್ವರಿಯ ಮುಖದಲ್ಲಿ ಮೊದಲ ಸಲ ನಗೆ ಕಂಡಿತು. ಅವಳು ಮೈಮರೆತು ಕಥೆ ಹೇಳಿದಳು. ಕಪ್ಪೆ ಡ್ಯಾಮು ಬಿಟ್ಟಿತು, ತೂಬು ದಾಟಿತು, ನೀರುಹಾವಿನಿಂದ ತಪ್ಪಿಸಿಕೊಂಡಿತು, ಇನ್ನೇನು ಗದ್ದೆಯ ಬದುವಿಗೆ ಜಿಗಿಯಬೇಕು...

ಟಕ್! ಪರದೆ ಕಪ್ಪಾಯಿತು. ಕೌದಿಯೊಳಗೆ ಬೆಂದು ಬಸವಳಿದ ಕಂಪ್ಯೂಟರ್ ಕಣ್ಣು ಮುಚ್ಚಿತ್ತು. ಕಥೆಯೂ ಹೋಯಿತು, ಕಪ್ಪೆಯೂ ಹೋಯಿತು.

ಅಮರೇಶ್ವರಿ ಬೈಯಲಿಲ್ಲ. ಬೈದಿದ್ದರೆ ಕನಕರಾಯನಿಗೆ ಹಗುರಾಗುತ್ತಿತ್ತು. ಅವಳು ಕೌದಿಯನ್ನು ಮಡಚಿ, "ಹೋಗ್ಲಿ ಬಿಡ್ರಿ. ಮಂಗ್ಯಾನ ಕಥಿನೂ ಚಲೋ ಇರ್ತೈತಿ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಆ ಹೊತ್ತು ರೊಟ್ಟಿ ಬಡಿಯುವ ಸದ್ದು ಬಂತು. ಕಪ್ಪೆಯ ದನಿ ಬರಲಿಲ್ಲ.

ಕನಕರಾಯನ ಎದೆಗೆ ಏನೋ ಚುಚ್ಚಿತು. ಅವನು ಸಿಪಿಯುವನ್ನು ಬೈಕಿನ ಮುಂದಿಟ್ಟುಕೊಂಡು ನೇರವಾಗಿ ಪಂಕ್ಚರ್ ಅಂಗಡಿಯ ದಸ್ತಗೀರ್‌ಸಾಬನ ಹತ್ತಿರ ಹೋದ. ಧೂಳು ಹೊಡೆಯುವುದಕ್ಕೆ ಅವನ ಗಾಳಿಯಂತ್ರದಷ್ಟು ಜಬರದಸ್ತು ಊರಲ್ಲಿ ಬೇರೆ ಇರಲಿಲ್ಲ.

"ಎಷ್ಟು ಹೊಡೀಲಿ ಸಾಹೇಬ್ರ?" ದಸ್ತಗೀರ್‌ಸಾಬ್ ಪೈಪು ಹಿಡಿದು ಕೇಳಿದ.

"ಟ್ರ್ಯಾಕ್ಟರಿಗೆ ಎಷ್ಟು ಹೊಡೀತಿ, ಅಷ್ಟು ಹೊಡಿ!"

ಮುಚ್ಚಳ ಬಿಚ್ಚಿ ಗಾಳಿ ಬಿಟ್ಟಿದ್ದೇ ತಡ, ಮೊದಲು ಒಂದು ಮೋಡದಷ್ಟು ಧೂಳು ಎದ್ದಿತು. ಅದರ ಹಿಂದೆ ಹಳದಿ ಹಳದಿ ಅಕ್ಕಿಕಾಳು ಚಿಲ್ಲನೆ ಸಿಡಿದು ಇಬ್ಬರ ಮುಖದ ಮೇಲೂ ಬಿದ್ದವು. ಒಣಗಿದ ಸೇವಂತಿ ಎಸಳು ಹಾರಿದವು. ಕುಂಕುಮ ಹಾರಿ ದಸ್ತಗೀರ್‌ಸಾಬನ ಬಿಳೀ ಗಡ್ಡ ಕೆಂಪಾಯಿತು.

ಅವನು ಪೈಪು ಕೆಳಗಿಳಿಸಿ, ಗಡ್ಡ ಒರೆಸಿಕೊಂಡು, ಗಂಭೀರವಾಗಿ ಕೇಳಿದ: "ಇದರಾಗ ಯಾರ ಮದಿವಿ ಆಗೇತ್ರೀ ಸಾಹೇಬ್ರ?"

ಕನಕರಾಯ ಮುಖದ ಮೇಲಿನ ಕಾಳು ಕೊಡವಿಕೊಂಡ. ವರ್ಷಾ ವರ್ಷಾ ದಸರೆಯ ಖಂಡೇ ಪೂಜೆಯ ದಿನ ಮನೆಯ ಬೈಕು, ಕುಡುಗೋಲು, ಮಿಕ್ಸಿ, ಕಂಪ್ಯೂಟರು ಎಲ್ಲಕ್ಕೂ ಪೂಜೆ ಮಾಡುವುದು ಪದ್ಧತಿ. ಪುರೋಹಿತಿಕೆ ಕನಕರಾಯನದೇ. ಅಕ್ಷತೆಯನ್ನು ಮೇಲೆ ಮೇಲೆ ಉದುರಿಸಿದರೆ ಮೇಲೆ ಮೇಲಿನ ಪುಣ್ಯವೇ ಬರುತ್ತದೆ ಎಂದು ನಂಬಿದ್ದ ಅವನು, ಸಿಪಿಯುವಿನ ನೆತ್ತಿಯ ಜಾಳಿಗೆಯ ಮೇಲೆ ಹಿಡಿ ಹಿಡಿ ಸುರಿಯುತ್ತಿದ್ದ. "ಸಾಕ್ರೀ, ತೂತಿನಾಗ ಹೋಗಾಕತ್ತಾವ," ಎಂದು ಅಮರೇಶ್ವರಿ ಹೇಳಿದರೆ, "ಹೋಗ್ಲಿ! ಒಳಗಿನ ದೇವರಿಗೆ ತಲಪಲಿ!" ಎನ್ನುತ್ತಿದ್ದ. ತಲುಪಿತ್ತು. ಒಳಗಿನ ದೇವರು ಎಂದರೆ ಒಂದು ಸಣ್ಣ ಫ್ಯಾನು. ಅದು ವರ್ಷಗಟ್ಟಲೆ ಆ ಅಕ್ಕಿಯನ್ನು ಜಗಿಯುತ್ತಾ ಕುಳಿತಿತ್ತು.

ರೋಗ ಸಿಕ್ಕಿತು ಎಂದು ಕನಕರಾಯ ಹಿಗ್ಗಿನಿಂದ ಮನೆಗೆ ಬಂದು ಸ್ವಿಚ್ ಒತ್ತಿದ. ಸದ್ದಿಲ್ಲ. ಬೆಳಕೂ ಇಲ್ಲ! ಟ್ರ್ಯಾಕ್ಟರಿನ ಗಾಳಿಗೆ ಫ್ಯಾನಿನ ರೆಕ್ಕೆ ಮುರಿದು, ಯಾವುದೋ ವೈರು ಕಿತ್ತುಬಂದಿತ್ತು.

"ಕಟಕಟ ನಿಂತೈತಿ ನೋಡು," ಎಂದ ಸಣ್ಣ ದನಿಯಲ್ಲಿ.

"ಹೌದ್ರಿ, ಸತ್ತೋರು ಕೆಮ್ಮೂದಿಲ್ಲ," ಎಂದಳು ಅಮರೇಶ್ವರಿ.

ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿಗೇನು ಬರವಿಲ್ಲ. ಆದರೆ ಅಲ್ಲೆಲ್ಲಾ ಕನಕರಾಯ ಚಹಾ ಕುಡಿಯುತ್ತಾ ಅಂಗಡಿಯವರಿಗೇ ರಿಪೇರಿಯ ಉಪದೇಶ ಮಾಡಿದ್ದ. ಈಗ ಹೊಟ್ಟೆಯಲ್ಲಿ ಅಕ್ಷತೆ ತುಂಬಿದ ಡಬ್ಬಿ ಹೊತ್ತು ಅದೇ ಮೆಟ್ಟಿಲು ಹತ್ತುವುದೆಂದರೆ! ಪರಿಚಯದವರು ಒಬ್ಬರೂ ಇಲ್ಲದ ಲಿಂಗಸುಗೂರೇ ಲೇಸು ಎನಿಸಿತು. ಅಲ್ಲಿ ಇಸ್ಮಾಯಿಲ್‌ಸಾಬ್ ಎಂಬವನ ಅಂಗಡಿ ಆಯಿತವಾರವೂ ತೆರೆದಿರುತ್ತದೆ ಎಂದು ಕೇಳಿದ್ದ. ಆಯಿತವಾರ ಮುಂಜಾನೆ ಸಿಪಿಯುವನ್ನು ಟವೆಲಿನಲ್ಲಿ ಸುತ್ತಿ, ಮಸ್ಕಿ ಬಸ್ಸು ಹತ್ತಿ, ತೊಡೆಯ ಮೇಲಿಟ್ಟುಕೊಂಡು ಕುಳಿತ.

ಪಕ್ಕದಲ್ಲಿ ಹುಸೇನ್‌ಬೀ ಎಂಬ ಮುದುಕಿ. ಮಸ್ಕಿಯ ಮಗಳ ಮನೆಗೆ ಹೊರಟವಳು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲಾ ಒಳಗೆ ಉಳಿದಿದ್ದ ಕಾಳುಗಳು ಕಟಕಟ ಎನ್ನುತ್ತಿದ್ದವು. ಅವಳು ಆ ಗಂಟನ್ನೇ ಬಹಳ ಹೊತ್ತು ನೋಡಿ ಕೇಳಿದಳು:

"ಕೋಳಿ ಏನಪಾ?"

"ಅಲ್ಲಬೇ, ಕಂಪ್ಯೂಟರ್."

"ಏನರ ಇರ್ಲಿ. ಕಟಕಟ ಅನ್ನಾಕತ್ತೈತಿ, ಹೊಟ್ಟೀಗೆ ಏನರ ಹಾಕಿಯೋ ಇಲ್ಲೋ?"

ಕನಕರಾಯ ನಿಟ್ಟುಸಿರು ಬಿಟ್ಟ. "ಹಾಕೀನಬೇ. ವರ್ಷಾ ವರ್ಷಾ ತಪ್ಪದಂಗ ಅಕ್ಕಿ ಹಾಕೀನಿ. ಅದಕ್ಕ ಈ ಗತಿ ಬಂದೈತಿ."

ಮಸ್ಕಿಯಲ್ಲಿ ಇಳಿದು, ಬಿಸಿಲಲ್ಲಿ ನಿಂತು, ಇನ್ನೊಂದು ಬಸ್ಸು ಹಿಡಿದು, ಲಿಂಗಸುಗೂರು ಮುಟ್ಟುವ ಹೊತ್ತಿಗೆ ಕನಕರಾಯನ ಸೊಂಟದ ಕೀಲೂ ಅದೇ ರಾಗ ಹಾಡತೊಡಗಿತ್ತು. ಇಸ್ಮಾಯಿಲ್‌ಸಾಬ್ ಮುಚ್ಚಳ ತೆಗೆದು ಒಳಗೆ ಇಣುಕಿದ. ಕನಕರಾಯನ ಮುಖ ನೋಡಿದ. ಮತ್ತೆ ಒಳಗೆ ಇಣುಕಿದ.

"ಸಾರ್, ಇದು ಮನೀ ಕಂಪ್ಯೂಟರೋ, ಗುಡೀದೋ?"

"ಮನೀದ."

"ನಾ ಗುಡೀದು ಅಂತ ಚಪ್ಪಲಿ ಬಿಡಾಕ ನಿಂತಿದ್ನಿರಿ."

ಅವನು ಹೊಸ ಫ್ಯಾನು ಕೂಡಿಸಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಯಾವಾಗ ಬರುತ್ತದೆ ಎಂದು ಕೇಳಿದರೆ, "ಬಂದಾಗ ಬರ್ತೈತ್ರಿ," ಎಂದು ಅವನು ಊಟಕ್ಕೆ ಹೋದ. ಕನಕರಾಯ ಹೊರಗಿನ ಸ್ಟೂಲಿನ ಮೇಲೆ ಕುಳಿತ. ಎದುರಿನ ರಸ್ತೆಯಲ್ಲಿ ಲಾರಿಗಳು ಹೋದವು, ಬಂದವು. ಹಸಿವಾಯಿತು, ಹಸಿವು ತಾನೇ ಬೇಸತ್ತು ಹೋಯಿತು. ಅತ್ತ ಮನೆಯಲ್ಲಿ ಹೆಂಡತಿ ದಾರಿ ಕಾಯುತ್ತಾ ಎಷ್ಟು ಕುದಿಯುತ್ತಿರಬಹುದೋ ಎಂದು ನೆನೆದು ಅಳುಕುತ್ತಲೇ ಫೋನ್ ಮಾಡಿದ.

"ಅಮರೀ, ಸ್ವಲ್ಪ ತಡ ಆಕ್ಕತಿ. ಕರೆಂಟಿಲ್ಲ."

"ಆಗ್ಲಿ ಬಿಡ್ರಿ. ಗಡಿಬಿಡಿ ಮಾಡಬ್ಯಾಡ್ರಿ."

"ಇನ್ನೂ ಒಂದು ತಾಸು ಹಿಡಿಯಬಹುದು."

"ಎರಡು ತಾಸು ಹಿಡೀಲಿ. ಆರಾಮ ಬರ್ರಿ."

ಕನಕರಾಯನ ಕಣ್ಣಂಚು ಒದ್ದೆಯಾಯಿತು. ಎಂಥ ತಾಳ್ಮೆ! ಎಂಥ ಹೆಣ್ಣು! ಇವಳ ಕಪ್ಪೆಯನ್ನು ಗದ್ದೆ ಮುಟ್ಟಿಸದೆ ಇವತ್ತು ನೀರೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಆಮೇಲೆ ಬಿಸಿಲು ನೋಡಿ, ನೀರೊಂದನ್ನು ಆಣೆಯಿಂದ ಬಿಟ್ಟ.

ಕರೆಂಟು ಬಂತು. ಫ್ಯಾನು ಕೂತಿತು, ಕಿತ್ತ ವೈರು ಕೂಡಿತು. ಸ್ವಿಚ್ ಒತ್ತಿದರೆ ಏನು ಶಾಂತಿ! ಇಸ್ಮಾಯಿಲ್‌ಸಾಬನೂ ಕಿವಿ ಹಚ್ಚಿ ಕೇಳಿ, ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಿದ. ಮರಳಿ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಸ್ಕಿಯವರೆಗೂ ನಿಂತು, ಮಸ್ಕಿಯಿಂದ ಮತ್ತೆ ನಿಂತು, ಸಿಪಿಯುವನ್ನು ಹೆಗಲ ಮೇಲೆ ಹೊತ್ತುಕೊಂಡು ದೀಪ ಹಚ್ಚುವ ಹೊತ್ತಿಗೆ ಅವನು ಮನೆಯ ಹೊಸ್ತಿಲು ತುಳಿದ. ಮುಖ ಕಂಡರೆ ಲಿಂಗಸುಗೂರಿಗಲ್ಲ, ಕಾಶಿಗೆ ನಡೆದು ಹೋಗಿ ಬಂದವನಂತಿದ್ದ. ಕೈಕಾಲು ತೊಳೆಯದೆ ವೈರುಗಳನ್ನೆಲ್ಲಾ ಕೂಡಿಸಿ, ಸ್ವಿಚ್ ಒತ್ತಿ, ಕೂಗಿದ:

"ಅಮರೀ! ಜಲ್ದಿ ಬಾ! ಕೇಳಿಲ್ಲಿ!"

ಅಮರೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನ್ ಕೇಳ್ಲಿ? ಏನೂ ಕೇಳವಲ್ದು."

"ಅದನ್ನ ಕೇಳು ಅನ್ನಾಕತ್ತೀನಿ! ಕೂಡು, ಮೈಕ್ ಹಿಡಿ. ಕಪ್ಪೀನ ಬಿಡು ನೀರಿಗೆ!"

"ಕಪ್ಪಿ ಮಧ್ಯಾಹ್ನನ ಮುಟ್ಟೈತ್ರಿ."

"ಎಲ್ಲಿಗೆ?"

"ಮೇಡಂ ಕಡೆ. ನೀವು ಬಸ್ ಹತ್ತಿದ್ರಿ, ನಾ ಫೋನಿನಾಗ ಹೇಳಿ ಕಳಿಸಿಬಿಟ್ನಿ. ಒಂದ ಸಲಕ್ಕ ಬರೋಬರಿ ಬಂತು. ಮೇಡಂ ಅಂತೂ ಭಾಳ ಖುಷಿ ಆಗ್ಯಾರ. 'ಇಷ್ಟು ಶಾಂತ ಜಾಗ ಎಲ್ಲಿ ಹುಡಿಕಿದ್ರಿ ಟೀಚರ್, ಸ್ಟುಡಿಯೋಕ ಹೋಗಿದ್ರೇನು?' ಅಂತ ಕೇಳಿದ್ರು."

ಕನಕರಾಯ ಕುರ್ಚಿಯಲ್ಲಿ ಕುಸಿದ. "ನೀ ಏನಂದಿ?"

"ಏನನ್ಲಿ? 'ಮನ್ಯಾಗ ಇದ್ದೀನ್ರಿ ಮೇಡಂ. ಕಂಪ್ಯೂಟರು, ನಮ್ಮನಿಯವರು, ಇಬ್ರೂ ಊರಾಗಿಲ್ಲ' ಅಂದೆ."

ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಕೈಗಿಟ್ಟಳು. ಅವನು ಗಟಗಟ ಕುಡಿಯುವುದನ್ನೇ ಕನಿಕರದಿಂದ ನೋಡುತ್ತಾ, ಬಹಳ ಮೆತ್ತಗೆ ಕೇಳಿದಳು:

"ಮುಂದಿನ ವಾರಕ್ಕ ಇನ್ನೆರಡು ಕಥಿ ಕೇಳ್ಯಾರ್ರೀ. ಬರೋ ಆಯಿತವಾರ ಇದನ್ನ ತಗೊಂಡು ರಾಯಚೂರಿಗೆ ಹೋಗಿ ಬರ್ತೀರೇನು? ಲಿಂಗಸುಗೂರು ಭಾಳ ಸಮೀಪ ಆಕ್ಕತಿ."