ಸಕಲಪ್ಪನ ಐದು ಹಂತಗಳು

ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಐವತ್ತೆರಡು ವರ್ಷದಲ್ಲಿ ಸೈಕಲ್ಲು ಕಲಿತೆ, ಈಜು ಕಲಿತೆ, ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನೂ ಕಲಿತೆ. ಇದೊಂದು ಮಾತು ಮಾತ್ರ ನಾಲಿಗೆಗೆ ಹತ್ತಲಿಲ್ಲ. ದೇವದುರ್ಗದ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಹಾಗೆಂದು ನೇಮಕದ ಕಾಗದ ಹೇಳುತ್ತದೆ. ಗ್ರಂಥಾಲಯದ ಬೀಗದ ಕೈ, ಬಿಸಿಯೂಟದ ಉಸ್ತುವಾರಿ, ಡ್ರಮ್ಮು ಬಾರಿಸುವ ಹುಡುಗರ ತಂಡ, ಕೆಟ್ಟುಹೋದ ನೀರಿನ ಮೋಟಾರು, ಇವೆಲ್ಲ ಯಾರೋ ಒಬ್ಬರು ‘ನೀವಾದ್ರ ಛಲೋ ಮಾಡ್ತೀರಿ’ ಎಂದಾಗ ನನ್ನ ಕೊರಳಿಗೆ ಬಿದ್ದವು. ಮದುವೆಯ ದಿನಗಳಲ್ಲಿ ಒಂದೇ ಮಧ್ಯಾಹ್ನ ಮೂರು ಕಡೆ ಉಂಡು ರಾಯಚೂರಿನ ಮನೆಗೆ ಬಂದಿದ್ದೇನೆ. ಸಾಯಂಕಾಲ ಹೆಂಡತಿ ಶಶಿಕಲಾ ತಾಟು ಇಟ್ಟರೆ ನಾಲ್ಕನೆಯದೂ ಆಗುತ್ತದೆ. ಮುಲಾಜಿನಿಂದ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ಅದರಲ್ಲಿ ಒಂದು ಹೆಸರು ನನ್ನ ಕಡೆಯಿಂದ ಇರುತ್ತಿತ್ತು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ನಾಲ್ವರು ಪ್ರತಿ ಭಾನುವಾರ ರಾಯಚೂರಿನ ಒಂದು ಅಕ್ಕಿ ಗಿರಣಿಯ ಆಫೀಸು ಕೋಣೆಯಲ್ಲಿ ಸೇರುತ್ತಿದ್ದೆವು. ವೀರೇಶ ಆ ಗಿರಣಿಯ ಸೂಪರ್‌ವೈಜರ್. ಸರಸ್ವತಿ ಮೇಡಂ ಅಂಚೆ ಕಚೇರಿಯಿಂದ ನಿವೃತ್ತರು. ಮಹಬೂಬ್ ಮಾನ್ವಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವನು ಎಲ್ಲೋ ವಿಡಿಯೋ ನೋಡಿ ಒಂದು ಆಟದ ಪುಸ್ತಕ ಮತ್ತು ಇಪ್ಪತ್ತು ಮುಖದ ದಾಳ ತರಿಸಿದ್ದ. ಆಟ ಇಷ್ಟೇ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನಾಗುತ್ತಾರೆ. ನಮ್ಮ ಕಥೆಯಲ್ಲಿ ಒಂದು ಕೋಟೆಯ ತುದಿ ಮುಟ್ಟಬೇಕಿತ್ತು. ಆ ಮನುಷ್ಯನ ಕಸುಬು, ಬಲ, ವಿದ್ಯೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಆಡಿದ ಹಾಗೆ ಒಂದೊಂದು ಹಂತ ಮೇಲೇರುತ್ತಾನೆ. ಎಲ್ಲ ಹಂತಗಳನ್ನೂ ಒಂದೇ ಕಸುಬಿಗೆ ಹಾಕಬಹುದು, ಇಲ್ಲವೇ ಹಂಚಬಹುದು. ಒಂದು ಹಂತ ಯೋಧ, ಎರಡು ಹಂತ ಮಾಂತ್ರಿಕ, ಹೀಗೆ. ಹಂಚಿದರೆ ಎಲ್ಲವೂ ಒಂದಿಷ್ಟು ಬರುತ್ತದೆ, ಯಾವುದೂ ಪೂರ್ತಿ ಬರುವುದಿಲ್ಲ. ಈ ನಿಯಮ ಓದಿದಾಗ ಪುಸ್ತಕ ಬರೆದವರು ನನ್ನನ್ನು ಎಲ್ಲಿ ನೋಡಿದ್ದರೋ ಎಂದು ಗಾಬರಿಯಾಯಿತು.

ಮಹಬೂಬನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೆಂಡತಿ ರೆಹಾನಾಳ ಕೈ ಹಿಡಿದು ಮಾನ್ವಿಯಿಂದ ಬಸ್ಸಿನಲ್ಲಿ ರಾಯಚೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಿದ್ದ. ನೀರಿನ ಬಾಟಲಿ ಎತ್ತಿದರೂ ಏದುಸಿರು ಬರುವ ಮನುಷ್ಯ ಆಟದಲ್ಲಿ ಪೈಲ್ವಾನನಾದ. ಐದು ಹಂತವನ್ನೂ ಅದಕ್ಕೇ ಹಾಕಿದ. ಬಾಗಿಲು ಮುರಿಯುವವನು ಅವನು, ಬಂಡೆ ಎತ್ತುವವನು ಅವನು, ಮೊದಲು ನುಗ್ಗುವವನೂ ಅವನೇ. ಮೊದಲನೆಯ ದಿನವೇ ನನಗೆ ಹೇಳಿದ: “ಮಾಸ್ತರ, ನಾ ಬೀಳಾಂವ. ನೀವು ವೈದ್ಯ ಆಗ್ರಿ. ನನ್ನ ಎಬ್ಬಸಾಕ ಒಬ್ರು ಬೇಕು. ಆ ಕೋಟಿ ತುದಿಗೆ ಒಂದ್ಸಲ ಹತ್ತಿ ನೋಡ್ಬೇಕದ ನನಗ. ಇಲ್ಲಿ ಅಂತೂ ಮೆಟ್ಲ ಹತ್ತಾಕ ಆಗಂಗಿಲ್ಲ.”

“ಆಗಲಿ ಬಿಡ್ರಿ” ಎಂದೆ.

ವೈದ್ಯನನ್ನು ಮಾಡಿದೆ, ಸಕಲಪ್ಪ ಎಂದು ಹೆಸರಿಟ್ಟೆ. ಎರಡು ಹಂತದವರೆಗೆ ಅವನು ವೈದ್ಯನಾಗಿಯೇ ಇದ್ದ. ಮೂರನೆಯ ಹಂತ ಬಂದಾಗ ವೀರೇಶ ಚಹಾ ಕಪ್ಪು ಮುಂದಿಡುತ್ತ, “ಒಂದ್ ಹಂತ ಯೋಧನ್ನ ಸೇರಿಸ್ರಿ ಸರ, ನಮ್ಮ ಮಾತಿಗೂ ಬೆಲಿ ಇರಲಿ” ಎಂದ. ಅವನ ಕೋಣೆಯಲ್ಲಿ ಕೂತು ಅವನ ಚಹಾ ಕುಡಿಯುತ್ತ ಹೇಗೆ ಬೇಡ ಎನ್ನುವುದು? ಸೇರಿಸಿದೆ. ನಾಲ್ಕನೆಯದಕ್ಕೆ, ಕಥೆ ನಡೆಸುವ ಸರಸ್ವತಿ ಮೇಡಂ, “ಕೋಟಿಯೊಳಗ ಬೀಗ ಭಾಳ ಅದಾವ ನೋಡ್ರಿ, ಯಾರರ ಕಳ್ಳ ಇದ್ರ ಛಲೋ ಇತ್ತು” ಎಂದು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಹಿರಿಯರು, ಹೆಣ್ಣುಮಗಳು. ಒಂದು ಹಂತ ಕಳ್ಳನಾದೆ. ಐದನೆಯ ಹಂತದ ಹೊತ್ತಿಗೆ ಹಾಳೆ ಮನೆಯಲ್ಲಿತ್ತು. ಶಶಿಕಲಾ ಅದನ್ನು ನೋಡಿ, “ಇಷ್ಟೆಲ್ಲಾ ಬರ್ತದ, ಒಂದ್ ಮಂತ್ರ ಬರಂಗಿಲ್ಲೇನು ಇವಗ?” ಎಂದಳು. ಆಟ ಆಡದ ಹೆಂಡತಿಯ ಮಾತನ್ನೂ ನಾನು ಮೀರಲಿಲ್ಲ. ದೀಪ ಹಚ್ಚುವ ಮಂತ್ರವೊಂದನ್ನು ಕಲಿತು ಸಕಲಪ್ಪ ಮಾಂತ್ರಿಕನೂ ಆದ.

ಮಹಬೂಬ್ ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅರೆ ಮಾಸ್ತರ, ಇಂವ ವೈದ್ಯ ಅಲ್ಲ, ಸಂತಿ! ನಿಮ್ಮ ಕನ್ನಡದಾಗ ಇಲ್ಲ ಅನ್ನಾಕ ಬರದಿದ್ರ ನಮ್ಮ ಮಾತಿನ್ಯಾಗ ಅನ್ರಿ. ನಕ್ಕೋ. ಅಷ್ಟ. ನಮ್ಮ ಮನ್ಯಾಗ ಕೂಸುಗೋಳು ಮೊದ್ಲ ಕಲಿಯೋದ ಅದನ್ನ.” ಅಂದು ನನ್ನಿಂದ ಹತ್ತು ಸಲ ಹೇಳಿಸಿದ. ಹೇಳಿದೆ. ಹನ್ನೊಂದನೆಯ ಸಲ ವೀರೇಶ ಇನ್ನೊಂದು ಚಹಾ ಬೇಕೇ ಎಂದ. ಬೇಕು ಎಂದೆ.

ಕೋಟೆಯ ತುದಿಗೆ ಇನ್ನು ಹತ್ತು ಮೆಟ್ಟಿಲು ಉಳಿದಾಗ ಒಂದು ಕಲ್ಲಿನ ಆನೆ ಪೈಲ್ವಾನನನ್ನು ತುಳಿಯಿತು. ಮಹಬೂಬ್ ದಾಳ ಉರುಳಿಸಿದ, ಒಂದು ಬಿತ್ತು. ಸರಸ್ವತಿ ಮೇಡಂ ಪುಸ್ತಕ ತಿರುವಿ, “ಸತ್ತ” ಎಂದರು, ಮನಿಯಾರ್ಡರು ವಾಪಸು ಬಂತು ಎನ್ನುವ ದನಿಯಲ್ಲಿ. ಸತ್ತವನನ್ನು ಎಬ್ಬಿಸುವ ವಿದ್ಯೆ ವೈದ್ಯನಿಗೆ ಐದನೆಯ ಹಂತದಲ್ಲಿ ಬರುತ್ತದೆ. ನಾನು ಐದು ಹಂತ ಏರಿದ್ದೆ, ಆದರೆ ವೈದ್ಯನಾಗಿ ಎರಡೇ. ಮೂವರೂ ನನ್ನ ಮುಖ ನೋಡುತ್ತಿದ್ದರು. ಹಾಳೆಯನ್ನು ಮೇಲಿಂದ ಕೆಳಗೆ ಓದಿದೆ. ಬೀಗ ತೆಗೆಯಬಲ್ಲೆ. ಕತ್ತಿ ಬೀಸಬಲ್ಲೆ. ಗಾಯಕ್ಕೆ ಪಟ್ಟಿ ಕಟ್ಟಬಲ್ಲೆ. ಕೊನೆಗೆ ಉಳಿದದ್ದು ಶಶಿಕಲಾಳ ಮಂತ್ರ. ಸಕಲಪ್ಪ ಪೈಲ್ವಾನನ ತಲೆಯ ಹತ್ತಿರ ಒಂದು ದೀಪ ಹಚ್ಚಿದ.

“ನಮ್ಮಾಗ ಹೆಣದ ತಲಿ ಕಡೆ ದೀಪಾ ಇಡಂಗಿಲ್ಲ ಮಾಸ್ತರ” ಎಂದ ಮಹಬೂಬ್. “ಇರಲಿ, ನೀವು ಪ್ರೀತಿಲೆ ಹಚ್ಚೀರಿ.”

ಹಾಳೆ ಮಡಿಚಿ ಜೇಬಿಗಿಡುತ್ತ ಅವನು ನನ್ನನ್ನು ಪಕ್ಕಕ್ಕೆ ಕರೆದ. ಬರುವ ಶುಕ್ರವಾರ ರೆಹಾನಾ ತಂಗಿಯ ಬಾಣಂತನಕ್ಕೆ ಹೋಗಿರುತ್ತಾಳೆ. “ಮಷಿನಿಂದ ಎದ್ದ ಮ್ಯಾಲ ಕಣ್ಣಿಗಿ ಕತ್ತಲಿ ಬರ್ತದ. ನಾಲ್ಕಕ್ಕ ಬಂದು ಬಸ್ ಹತ್ತಸ್ರಿ, ಸಾಕು.” ಆಟದ ಹೊರಗೆ ಅವನು ನನ್ನನ್ನು ಕೇಳಿದ್ದು ಅದೊಂದೇ. ನಾನಿರುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ನಾನು ಯಾವಾಗಲೂ ಮನಸ್ಸಿನಿಂದಲೇ ಹೇಳುತ್ತೇನೆ, ತೊಂದರೆ ಇರುವುದೇ ಅಲ್ಲಿ.

ಗುರುವಾರ ಹೆಡ್‌ಮಾಸ್ತರರು ಶುಕ್ರವಾರದ ವಿಜ್ಞಾನ ಪ್ರದರ್ಶನ ನಾನೇ ನೋಡಿಕೊಳ್ಳಬೇಕೆಂದರು. ಒಂದು ಗಂಟೆಗೆ ಮುಗಿಯುತ್ತದಲ್ಲ ಎಂದು ಒಪ್ಪಿದೆ. ಅದು ಒಂದಕ್ಕೇ ಮುಗಿಯಿತು ಕೂಡ. ಆದರೆ ಶಾಲೆಯ ಗೇಟಿನಲ್ಲಿ ವೀರೇಶ ಜೀಪು ನಿಲ್ಲಿಸಿಕೊಂಡಿದ್ದ. ಕಲ್ಲೂರಿನಲ್ಲಿ ಅವನ ಅತ್ತೆ ಮಾವ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದರು. “ಎರಡು ತುತ್ತು ಉಂಡು ಹೋಗೂಣು, ರಾಯಚೂರಿಗಿ ನಾನ ಬಿಡ್ತೀನಿ ಸರ.” ವೀರೇಶನಿಗೆ ಮಹಬೂಬನ ವಿಷಯ ಗೊತ್ತಿರಲಿಲ್ಲ. ಹೇಳಿದ್ದರೆ ಅವನೇ ಜೀಪು ತಿರುಗಿಸುತ್ತಿದ್ದ. ಹೇಳಿದರೆ ಅವನಿಗೆ ಇಲ್ಲ ಎಂದಂತಾಗುತ್ತದೆಂದು ನಾನು ಹೇಳಲಿಲ್ಲ. ಕಲ್ಲೂರಿನಲ್ಲಿ ಒಂದು ಪಂಕ್ತಿ ಕಾದೆವು. ಕೂತ ಮೇಲೆ ಹೋಳಿಗೆ ಬಂತು. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ವೀರೇಶನ ಅತ್ತೆ ಬೆರಳ ಸಂದಿಯಲ್ಲಿ ತುಪ್ಪ ಸುರಿದರು.

ನಾನು ಆಸ್ಪತ್ರೆ ಮುಟ್ಟಿದಾಗ ಐದೂಕಾಲು. ಮಹಬೂಬ್ ಅರ್ಧ ಗಂಟೆ ಬೆಂಚಿನ ಮೇಲೆ ಕಾದು, ಮಾಸ್ತರಿಗೆ ಏನೋ ಕೆಲಸ ಬಂದಿರಬೇಕೆಂದು ನರ್ಸಿಗೆ ಹೇಳಿ ಹೊರಟಿದ್ದ. ಬಸ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಬಿದ್ದ. ಅಲ್ಲಿರುವುದು ಮೂರೇ ಮೆಟ್ಟಿಲು.

ತೊಡೆಯ ಎಲುಬು ಮುರಿದಿತ್ತು. ಹಾಸಿಗೆ ಹಿಡಿದ. ನಾನು ನೋಡಲು ಹೋಗುವ ಮೊದಲೇ ವೀರೇಶ ಕಲ್ಲೂರಿನ ಊಟದ ವಿಷಯ ಹೇಳಿದ್ದ. ಮಹಬೂಬನೇ ಕೇಳಿದ: “ಕಲ್ಲೂರಾಗ ಏನ್ ಊಟ ಇತ್ತು?”

“ಹೋಳಿಗಿ.”

“ತುಪ್ಪ ಹಾಕಿದ್ರೇನು?”

“ಹಾಕಿದ್ರು.”

“ಹಂಗಾರ ನಿಮ್ದೇನು ತಪ್ಪಿಲ್ಲ ಬಿಡ್ರಿ” ಎಂದು ಗೋಡೆಯ ಕಡೆ ಮುಖ ಮಾಡಿ ನಕ್ಕ. ನಗುವಾಗ ನೋವಾಗಿ ತೊಡೆ ಹಿಡಿದುಕೊಂಡ. ಹನ್ನೊಂದನೆಯ ದಿನ ತೀರಿಕೊಂಡ. ಬೀಳದಿದ್ದರೂ ಇಂದಲ್ಲ ನಾಳೆ ಹೋಗುವ ಜೀವ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ಎಲ್ಲರ ಮಾತಿಗೂ ಹೂಂ ಎಂದೆ. ಒಂದೂ ಒಳಗೆ ಇಳಿಯಲಿಲ್ಲ.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಮಾನ್ವಿಗೆ ಹೋದಾಗ ರೆಹಾನಾ ಒಂದು ಹಾಳೆ ತಂದು ಕೊಟ್ಟಳು. “ಮಲಕ್ಕೊಂಡಲ್ಲೇ ಬರದಾರ. ನಿಮಗ ಕೊಡು ಅಂದಿದ್ರು, ಅಣ್ಣಾರ.” ಆಟದ ಹೊಸ ಮನುಷ್ಯ. ಕಸುಬು ಒಂದೇ, ವೈದ್ಯ. ಹಂತ ಐದು. ಸತ್ತವರನ್ನು ಎಬ್ಬಿಸುವ ವಿದ್ಯೆಯ ಕೆಳಗೆ ಎರಡು ಗೆರೆ ಎಳೆದಿದ್ದ. ಅಂಚಿನಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ‘ಮಾಸ್ತರ ಯಾರಿಗೂ ಇಲ್ಲ ಅನ್ನಂಗಿಲ್ಲ. ಅದಕ್ಕ ಈ ಸಲ ವೈದ್ಯ ನಾ ಆಗ್ತೀನಿ. ಅವರು ಆರಾಮ ಬೀಳಲಿ.’ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ರಾಯಚೂರಿನ ತನಕ ಅತ್ತೆ.

ಅನಂತರದ ಭಾನುವಾರ ಗಿರಣಿಯಲ್ಲಿ ಮೂವರೇ ಕೂತೆವು. ಸಕಲಪ್ಪನನ್ನು ಹರಿದು ಹಾಕಿ, ಮಹಬೂಬನ ವೈದ್ಯನನ್ನು ನಾನು ಆಡಿಸುತ್ತೇನೆ ಎಂದೆ. ಸರಸ್ವತಿ ಮೇಡಂ ಹಾಳೆಯನ್ನು ಬಹಳ ಹೊತ್ತು ನೋಡಿ ಕನ್ನಡಕ ಒರೆಸಿಕೊಂಡರು. ವೀರೇಶ ಚಹಾ ಮುಂದಿಟ್ಟು, ಅಭ್ಯಾಸಬಲದಿಂದ, “ಆರನೇ ಹಂತಕ್ಕ ಒಂದು ಯೋಧನ್ನ ಸೇರಿಸ್ರಿ ಸರ” ಎಂದ.

“ನಕ್ಕೋ” ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ವೀರೇಶ ತಲೆ ತಗ್ಗಿಸಿ, “ಖರೆ ಅದರಿ” ಎಂದ. ಇಷ್ಟು ಸುಲಭವಿತ್ತು. ಶಾಲೆಯ ಗೇಟಿನಲ್ಲೂ ಇಷ್ಟೇ ಸುಲಭವಿತ್ತು.

ಏಳುವಾಗ ಮೇಡಂ, “ಮುಂದಿನ ಐತವಾರ ಹನ್ನೊಂದಕ್ಕ ಬರ್ರಿ, ಆ ಹತ್ತು ಮೆಟ್ಲ ಹತ್ತೇ ಬಿಡೂಣು” ಎಂದರು. ಬರುತ್ತೇನೆ ಎಂದೆ. ಆಟೋದಲ್ಲಿ ಕೂತ ಮೇಲೆ ನೆನಪಾಯಿತು: ಅದೇ ಹನ್ನೊಂದಕ್ಕೆ ಕಲ್ಮಲದಲ್ಲಿ ನಮ್ಮ ಶಾಲೆಯ ಕ್ಲಾರ್ಕಿನ ಮೊಮ್ಮಗಳ ತೊಟ್ಟಿಲಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಎದೆಯಲ್ಲಿ ಇನ್ನೂ ಧೈರ್ಯ ಬಿಸಿಯಾಗಿತ್ತು. ಅದು ಆರುವ ಮೊದಲೇ ಎಂದು ಫೋನು ಹಚ್ಚಿದೆ.

“ಏನ್ರಿ ಮಾಸ್ತರ, ಐತವಾರ ಬರಾಕತ್ತೀರಲ್ಲ?” ಎಂದರು ಕ್ಲಾರ್ಕು. “ನೀವು ಬಂದ ಮ್ಯಾಲೇ ಕೂಸಿನ್ನ ತೊಟ್ಲಾಗ ಹಾಕ್ತೀವಿ.”

“ಹೂಂ ರಿ” ಎಂದೆ.