ಕನ್ನಡಿ ಗ್ಲಾಸಿನ ಮನೆ

ಝಕರಿಯಾನ ಕಷ್ಟ ಶುರುವಾದದ್ದು ಒಂದು ಅರ್ಧ ಚಹಾದಿಂದ. ಮಡಂತ್ಯಾರಿನ ಹೋಟೆಲಿನಲ್ಲಿ ಅದನ್ನು ಹೀರುತ್ತಾ, "ದಮಾಮಿನಲ್ಲಿ ನಾನು ಪ್ರವಾದಿಯವರನ್ನು ಹೊಗಳುವ ಮದ್ಹ್ ಹಾಡಿದ್ರೆ ಒಬ್ಬನೂ ಎದ್ದು ಹೋಗ್ತಿರ್ಲಿಲ್ಲ" ಎಂದುಬಿಟ್ಟ. ಮಾತು ಸುಳ್ಳಲ್ಲ. ಹಾಡುತ್ತಿದ್ದುದು ಗಲ್ಫಿನ ಕೆಲಸಗಾರರ ಕ್ಯಾಂಪಿನ ಅಡುಗೆಕೋಣೆಯಲ್ಲಿ. ಬಿರಿಯಾನಿ ಬೇಯುವ ತನಕ ಯಾರೂ ಎದ್ದು ಹೋಗುವ ಹಾಗಿರಲಿಲ್ಲ.

ಪಕ್ಕದ ಬೆಂಚಿನಲ್ಲಿ, ಪ್ರವಾದಿಯವರ ಹುಟ್ಟುಹಬ್ಬ ನಡೆಸುವ ಮೀಲಾದ್ ಸಮಿತಿಯ ಮಹಮ್ಮದ್ ಕುಂಞಿ ಕಾಕ ಕೂತಿದ್ದರು. ಮೀಲಾದಿನ ರಾತ್ರಿ ಝಕರಿಯಾನ ಹಾಡು ಎಂದು ಮರುದಿನ ಮದ್ರಸದ ಎದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ಝಕರಿಯಾನ ಪಾಸ್‌ಪೋರ್ಟ್ ಫೋಟೋ; ಒಂದೊಂದು ಕಿವಿಯೂ ನೀರುದೋಸೆಯಷ್ಟು ಅಗಲ.

ಏಳನೇ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡಲು ವೇದಿಕೆ ಹತ್ತಿ, ಮೈಕಿನ ಸಮೇತ ಬಿದ್ದವನು ಮತ್ತೆ ಯಾವ ವೇದಿಕೆಯನ್ನೂ ಹತ್ತಿರಲಿಲ್ಲ. ನಾಲ್ಕು ಜನ ಒಟ್ಟಿಗೆ ನೋಡಿದರೆ ಸಾಕು, ಅವನ ಗಂಟಲು ಒಣಗಿದ ಬಾವಿಯಾಗುತ್ತಿತ್ತು. ಮೀಲಾದಿನ ದಿನ ಬೆಳಿಗ್ಗೆ ಎದ್ದಾಗ ಕೈಕಾಲು ತಣ್ಣಗಾಗಿದ್ದವು.

"ಫಾಯಿಝಾ, ಯಾರಾದ್ರೂ ಬಂದ್ರೆ ನಾನು ಬೆಂಗಳೂರಿಗೆ ಹೋಗಿದ್ದೇನೆ ಅಂತ ಹೇಳು."

"ಈ ದಿವಸ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದಳು ಹೆಂಡತಿ. "ನಾನು ಉಮ್ಮನ ಮನೆಗೆ ಹೋಗ್ತೇನೆ. ಹೊರಗಿಂದ ಬೀಗ ಹಾಕ್ತೇನೆ. ಬೀಗ ಎಂತ ಹೇಳ್ತದೋ ಹೇಳ್ಲಿ."

ಬೀಗ ಬಿತ್ತು. ಝಕರಿಯಾ ಕಿಟಕಿಯ ಗ್ಲಾಸಿನ ಹಿಂದೆ ಕೂತ. ರಸ್ತೆಯ ಕಡೆಯ ಆ ಅಗಲ ಕಿಟಕಿಗೆ ದಮಾಮಿನ ಮನೆಗಳ ಹಾಗೆ ಕನ್ನಡಿ ಗ್ಲಾಸ್ ಹಾಕಿಸಿ ವಾರವಷ್ಟೇ ಆಗಿತ್ತು. ಹೊರಗಿನವರಿಗೆ ಅವರ ಮುಖ ಮಾತ್ರ ಕಾಣುತ್ತದೆ, ಒಳಗಿನವರಿಗೆ ಇಡೀ ಊರು. ಮೂಡುಬಿದಿರೆಯಿಂದ ಬಂದ ಫಿಟ್ಟರ್ ರಂಜಿತ್ ಕೆಲಸ ಮುಗಿಸಿ, "ಗ್ಲಾಸಿಗೆ ಒಳಗೆ ಹೊರಗೆ ಅಂತ ಗೊತ್ತಿಲ್ಲ ಝಕರಿಯಾಕ, ಅದಕ್ಕೆ ಬೆಳಕು ಮಾತ್ರ ಗೊತ್ತು. ಸಂಜೆ ಮಾತ್ರ ನೀವು..." ಎನ್ನುವಷ್ಟರಲ್ಲಿ ಝಕರಿಯಾನ ಫೋನ್ ರಿಂಗಾಗಿತ್ತು. ಮಾತು ಅಲ್ಲಿಗೇ ನಿಂತಿತ್ತು.

ಮಧ್ಯಾಹ್ನ ಮಹಮ್ಮದ್ ಕುಂಞಿ ಕಾಕ ಬಂದರು. ಬೀಗ ನೋಡಿದರು. ಆಮೇಲೆ ಗ್ಲಾಸಿನ ಎದುರು ನಿಂತು ಗಡ್ಡ ಬಾಚಿಕೊಂಡರು, ಟೊಪ್ಪಿ ಸರಿಮಾಡಿದರು, ಬಾಯಿ ತೆರೆದು ದವಡೆಹಲ್ಲಿಗೆ ಸಿಕ್ಕಿದ್ದ ಮಾಂಸದ ಎಳೆ ತೆಗೆದರು. ಒಂದು ಗೇಣು ಈಚೆ ಝಕರಿಯಾ ಉಸಿರು ಬಿಗಿಹಿಡಿದು ನಿಂತಿದ್ದ. ಕಾಕನ ಕಣ್ಣು ನೇರ ಅವನ ಕಣ್ಣಿನಲ್ಲೇ ಇತ್ತು. ಕಾಕ ನಕ್ಕರು. ಸಿಕ್ಕಿಬಿದ್ದೆ ಎಂದುಕೊಂಡ ಝಕರಿಯಾ. ಅವರು ನಕ್ಕದ್ದು ತಮ್ಮ ಹಲ್ಲು ನೋಡಿಕೊಳ್ಳಲು.

ಅಷ್ಟರಲ್ಲಿ ನೆರೆಮನೆಯ ಜೈನಬಮ್ಮ ಬಂದರು. ಅವರು ಬೀಗವನ್ನು ನಂಬುವ ಜಾತಿಯಲ್ಲ. ಹಣೆಯನ್ನು ಗ್ಲಾಸಿಗೆ ಒತ್ತಿ, ಎರಡೂ ಅಂಗೈಗಳಿಂದ ಮುಖದ ಸುತ್ತ ಬಿಸಿಲನ್ನು ಮರೆಮಾಡಿ ಒಳಗೆ ಇಣುಕಿದರು. ಬಿಳಿ ಬನಿಯನ್, ಬಿಳಿ ಲುಂಗಿಯ ಝಕರಿಯಾ ಇದ್ದಲ್ಲೇ ಮರಗಟ್ಟಿದ.

"ಕುಂಞಿಕಾಕ, ಒಳಗೆ ಬೆಳ್ಳಗೆ ಎಂತದೋ ನಿಂತ ಹಾಗೆ ಕಾಣ್ತದೆ."

"ಫ್ರಿಜ್ಜು ಆಗಿರ್ಬೇಕು."

"ಫ್ರಿಜ್ಜಿಗೆ ಹೊಟ್ಟೆ ಉಂಟಾ?"

"ಗಲ್ಫಿನ ಫ್ರಿಜ್ಜು ಮಾರಾಯ್ತಿ. ಅಲ್ಲಿಯದ್ದೆಲ್ಲ ದೊಡ್ಡದೇ. ಬಾ ಹೋಗುವ."

ಅವರಿಬ್ಬರು ಹೋಗಿ ಕಾಲು ಗಂಟೆಯಾದರೂ ಝಕರಿಯಾ ಫ್ರಿಜ್ಜಾಗಿಯೇ ನಿಂತಿದ್ದ.

ಸೂರ್ಯ ಮುಳುಗಿದ. ಕತ್ತಲೆಯಲ್ಲಿ ತಡಕಾಡಿ, ಕೈಕಾಲು ಮುಖ ತೊಳೆದು ವುಝೂ ಮಾಡಿ, ದೀಪ ಹಾಕಿ, ಮಗ್ರಿಬ್ ನಮಾಝ್ ಮುಗಿಸಿದ. ಮದ್ರಸದ ಕಡೆಯಿಂದ ಮೈಕಿನಲ್ಲಿ, "ಹಾಡುಗಾರರು ಅನಿವಾರ್ಯ ಕಾರಣದಿಂದ..." ಎಂಬ ಪ್ರಕಟಣೆ ಕೇಳಿತು. ಅವನ ಎದೆಯ ಮೇಲಿದ್ದ ಕಡೆಯುವ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಭಯ ಇಳಿದ ಜಾಗಕ್ಕೆ ಮೆಲ್ಲಗೆ ನಾಚಿಕೆ ಬಂತು. ಇವತ್ತಿನಂಥ ದಿನವೂ ತನ್ನ ಬಾಯಿಂದ ಒಂದು ಸಾಲು ಬರಲಿಲ್ಲವಲ್ಲ!

ಕಿಟಕಿ ನೋಡಿದ. ರಸ್ತೆಯಿಲ್ಲ, ಊರಿಲ್ಲ. ಗ್ಲಾಸಿನ ತುಂಬ ಅವನೊಬ್ಬನೇ. ಈ ಒಬ್ಬನ ಮುಂದೆ ಎಂಥ ಹೆದರಿಕೆ?

ಟೊಪ್ಪಿ ಹಾಕಿಕೊಂಡ. ಕೈ ಕಟ್ಟಿ, ಕಣ್ಣು ಅರ್ಧ ಮುಚ್ಚಿ, ಮೆಲ್ಲಗೆ ಎತ್ತಿಕೊಂಡ. ಎರಡನೇ ಚರಣಕ್ಕೆ ಸ್ವರ ಬಿಚ್ಚಿತು. ಮೂರನೆಯದಕ್ಕೆ ಕೈಯೂ ಎದ್ದಿತು. ಹೊಸ ಹಾಲ್ ಎಷ್ಟು ಚೆನ್ನಾಗಿ ಮೊಳಗುತ್ತದೆ ಎಂದು ಅವನಿಗೇ ಆಶ್ಚರ್ಯ; ಅವನು ಹಾಡಿದ ಸಾಲು ದೂರದಿಂದ ಮತ್ತೊಮ್ಮೆ ಕೇಳಿಬರುತ್ತಿತ್ತು. ಕೊನೆಯ ಸಾಲಿಗೆ ಕಣ್ಣು ತುಂಬಿ ಬಂತು.

ಆಗ ಕರೆಂಟ್ ಹೋಯಿತು.

ಗ್ಲಾಸಿನಲ್ಲಿದ್ದ ಝಕರಿಯಾ ಮಾಯವಾದ. ಅವನಿದ್ದ ಜಾಗದಲ್ಲಿ, ಮದ್ರಸದ ಜನರೇಟರಿನ ಬಣ್ಣದ ಬೆಳಕಿನಲ್ಲಿ, ಮುಖಗಳೇ ಮುಖಗಳು. ಅಂಗಳದಲ್ಲಿ ಕುರ್ಚಿ ಹಾಕಿ ಕೂತವರು, ಕಂಪೌಂಡಿನ ಮೇಲೆ ಹತ್ತಿದವರು. ಮೈಕಿನ ಶಂಭು ಏಣಿಯ ಮೇಲೆ ನಿಂತು ಕಿಟಕಿಯ ಮೇಲಿನ ವೆಂಟಿಲೇಟರಿಗೆ ಮೈಕ್ ಹಿಡಿದಿದ್ದ. ಮುಂದಿನ ಸಾಲಿನಲ್ಲಿ ಬೀಗದ ಕೈ ಹಿಡಿದು ಫಾಯಿಝಾ ನಿಂತಿದ್ದಳು.

ಸಂಜೆ ದೀಪ ಹಾಕಿದರೆ ಒಳಗಿನದ್ದೆಲ್ಲ ಹೊರಗೆ ಕಾಣುತ್ತದೆ, ಪರದೆ ಎಳೆಯಿರಿ ಎಂದು ರಂಜಿತ್ ಹೇಳಲು ಹೊರಟಿದ್ದ ಎಂದು ಝಕರಿಯಾನಿಗೆ ಈಗ ಹೊಳೆಯಿತು.

"ಮಾಶಾ ಅಲ್ಲಾಹ್!" ಎಂದರು ಮಹಮ್ಮದ್ ಕುಂಞಿ ಕಾಕ. "ಫ್ರಿಜ್ಜು ಲಾಯ್ಕ ಹಾಡ್ತದೆ!"

"ಹೊಟ್ಟೆ ಉಂಟು ಅಂತ ನಾನು ಆಗಲೇ ಹೇಳಿದ್ದೆ" ಎಂದರು ಜೈನಬಮ್ಮ.

ಝಕರಿಯಾ ಬಾಗಿಲ ಕಡೆ ತಿರುಗಿದ. ಓಡೋಣವೆಂದರೆ ಬಾಗಿಲಿಗೆ ಹೊರಗಿನಿಂದ ಬೀಗ.

"ಕಾಕ, ಇವರನ್ನು ಬಿಡುದಾ?" ಎಂದು ಫಾಯಿಝಾ ಕೇಳಿದಳು.

"ಬೇಡ ಬೇಡ, ಹಾಡು ಮುಗೀಲಿ. ಐದು ಹಾಡು ಅಂತ ಫ್ಲೆಕ್ಸಿನಲ್ಲಿ ಹಾಕಿದ್ದೇವೆ, ಇನ್ನೂ ನಾಲ್ಕು ಉಂಟು. ಝಕರಿಯಾ, ನಾಳೆಗೆ ಸಿದ್ಧಕಟ್ಟೆಯವರಿಗೂ ಬೇಕಂತೆ, ಅಗೋ, ನಿನ್ನನ್ನು ನೋಡ್ಲಿಕ್ಕೇ ಬಂದಿದ್ದಾರೆ."

ಕರೆಂಟ್ ಬಂತು. ಗ್ಲಾಸಿನಲ್ಲಿ ಮತ್ತೆ ಝಕರಿಯಾ ಒಬ್ಬನೇ. ಅವನ ಲುಂಗಿ ಗಾಳಿಯಿಲ್ಲದೆಯೇ ಅಲುಗುತ್ತಿತ್ತು.